ನೂರಾ ಹದಿನೇಳನೇ ಸಂಖ್ಯೆ

"ಇನ್ನೂರ ಹದಿಮೂರು ಮನೆ ಬಾಗಿಲು ತಟ್ಟಿದೀನಿ ಮೇಡಂ. ನೀವು ಒಂದು ಮನೆಗಾದ್ರೂ ಬಂದಿದೀರಾ?"

ಕೋಲಾರದ ಕಾಲೇಜಿನಲ್ಲಿ, ಸಂಖ್ಯಾಶಾಸ್ತ್ರ ವಿಭಾಗದ ಬಾಗಿಲಿಗೆ ಬಂದು ನಿಂತವನ ಕೈಯಲ್ಲಿ ಕೆಲಸದಿಂದ ತೆಗೆದ ಪತ್ರವಿತ್ತು. ಮುಖ ಹೊಸದು. ದನಿ ಮಾತ್ರ ಆಶಾರಾಣಿಗೆ ಒಂದು ವರ್ಷದಿಂದ ಗೊತ್ತು.

ನಂದಕುಮಾರ್!

ಇವನನ್ನು ಮೊದಲ ಸಲ ನೋಡುವ ದಿನವನ್ನು ಅವಳು ಎಷ್ಟೋ ಬಗೆಯಲ್ಲಿ ಕಲ್ಪಿಸಿಕೊಂಡಿದ್ದಳು... ಹೀಗಲ್ಲ.

"ನನಗೊಂದು ಫೋನ್ ಮಾಡಿ ಕೇಳಬಹುದಿತ್ತು."

ಅಷ್ಟೇ ಹೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದು ಹೋದ.

ಯಲ್ದೂರಿನ ಆಶಾರಾಣಿ ಆರೋಗ್ಯದ ಅಂಕಿಅಂಶಗಳ ವಿಷಯದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಹಳ್ಳಿಗಳಲ್ಲಿ ಕಿಡ್ನಿ ಕಾಯಿಲೆ ಹೇಗೆ ಹೆಚ್ಚುತ್ತಿದೆ ಎಂಬ ಸಮೀಕ್ಷೆಯ ಮೇಲೆ ಅವಳ ಪ್ರಬಂಧ. ಬೈರಕೂರಿನ ಸುತ್ತ ಮನೆಮನೆಗೆ ಹೋಗಿ ರೋಗಿಗಳ ಬಿಪಿ, ತೂಕ ಅಳೆದು ಬರೆದು ಕಳಿಸುತ್ತಿದ್ದವನು ನಂದಕುಮಾರ್. ಗುಟ್ಟು ಕಾಯಬೇಕಾದ್ದರಿಂದ ರೋಗಿಗಳ ಹೆಸರು ಅವಳಿಗೆ ಬರುತ್ತಿರಲಿಲ್ಲ. ಬರೀ ಸಂಖ್ಯೆ.

ಅಂಕಿ ಸರಿನೋಡಲು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದವಳು ವಾರಕ್ಕೊಮ್ಮೆ ಮಾಡತೊಡಗಿದಳು. ಆಮೇಲೆ ಕಾರಣವೇ ಬೇಕಾಗಲಿಲ್ಲ. ಅವನ ತಾಯಿಗೂ ಅದೇ ಕಾಯಿಲೆ ಎಂದು ತಿಳಿದ ಮೇಲೆ, ಅಮ್ಮ ಹೇಗಿದ್ದಾರೆ ಎಂದು ಕೇಳಿಯೇ ಮುಂದಿನ ಮಾತು. ಚೆನ್ನಾಗಿದಾಳೆ ಎನ್ನುತ್ತಿದ್ದ.

ಹೀಗಿರುವಾಗ ಒಂದು ದಿನ ನೂರಾ ಹದಿನೇಳನೇ ಸಂಖ್ಯೆಯ ರೋಗಿಯ ಸಾಲು ಅವಳ ಕಣ್ಣಿಗೆ ಬಿತ್ತು. ನಾಲ್ಕು ತಿಂಗಳಿಂದ ಅದೇ ಬಿಪಿ, ಅದೇ ತೂಕ. ಒಂದು ಅಂಕಿಯೂ ಅಲುಗಿರಲಿಲ್ಲ. ಜೀವ ಇರುವ ಮೈ ಹಾಗಿರುವುದಿಲ್ಲ.

ಫೋನ್ ಕೈಗೆತ್ತಿಕೊಂಡಳು... ಮತ್ತೆ ಇಟ್ಟಳು.

'ಅವನ ದನಿ ಕೇಳಿದರೆ ಮನಸ್ಸು ಕರಗುತ್ತದೆ. ಕರಗಿದರೆ ನಾನು ಓದಿದ್ದೆಲ್ಲ ಯಾಕೆ?'

ನೇರವಾಗಿ ಮಾರ್ಗದರ್ಶಕ ವೇಣುಗೋಪಾಲ್ ಅವರಿಗೆ ಬರೆದುಕೊಟ್ಟಳು. ಒಂದು ಸುಳ್ಳಾದರೆ ಉಳಿದದ್ದನ್ನೂ ನಂಬುವಂತಿಲ್ಲ ಎಂದು ಅವರು ಬೈರಕೂರಿನ ಇನ್ನೂರ ಹದಿಮೂರು ಮನೆಗಳನ್ನೂ ಸಮೀಕ್ಷೆಯಿಂದ ಕೈಬಿಟ್ಟರು. ಅದರ ಆಧಾರದ ಮೇಲೆ ಆ ಕಡೆಗೆ ಬರಬೇಕಿದ್ದ ಕಿಡ್ನಿ ತಪಾಸಣೆಯ ವ್ಯಾನೂ ನಿಂತಿತು. ನಂದಕುಮಾರನ ಕೆಲಸ ಹೋಯಿತು.

ಅವನು ಬಂದು ಹೋದ ಮೇಲೆ ಆಶಾರಾಣಿಗೆ ಅನ್ನ ಸೇರಲಿಲ್ಲ. 'ನಿಜಕ್ಕೂ ನಾನು ಒಂದು ಮನೆಗಾದರೂ ಹೋಗಿದ್ದೆನೆ?' ವಿಭಾಗದಿಂದ ಅನುಮತಿಯನ್ನೂ ವಿಳಾಸಗಳನ್ನೂ ಪಡೆದು, ಚೀಟಿ ಎತ್ತಿ ಮೂವತ್ತು ಮನೆ ಆರಿಸಿಕೊಂಡಳು. ಅದರ ಮೇಲೆ ನೂರಾ ಹದಿನೇಳನ್ನೂ ಸೇರಿಸಿ ಬೈರಕೂರಿಗೆ ಹೊರಟಳು.

ಮೂವತ್ತು ಮನೆಗಳಲ್ಲೂ ಅವನು ಬರೆದದ್ದು ಸರಿಯಾಗಿತ್ತು. ಮಾತ್ರೆ ತಂದುಕೊಟ್ಟಿದ್ದು, ಬೈಕಿನಲ್ಲಿ ಕೂರಿಸಿಕೊಂಡು ಮುಳಬಾಗಿಲಿನ ಆಸ್ಪತ್ರೆಗೆ ಕರೆದೊಯ್ದಿದ್ದು... ಯಾವ ಕಾಲಂನಲ್ಲೂ ಬರೆಯದಿದ್ದ ಇಂಥವು ಎಷ್ಟೋ ಅವಳ ಕಿವಿಗೆ ಬಿದ್ದವು.

ಕೊನೆಗೆ ಉಳಿದಿದ್ದ ನೂರಾ ಹದಿನೇಳರ ಮನೆಗೆ ಬೀಗ. ಪಕ್ಕದ ಮನೆಯ ದೊಡ್ಡಗಂಗಮ್ಮ ಜಗಲಿಯಿಂದಲೇ ಹೇಳಿದಳು.

"ಕೊಂಡಮ್ಮನ್ನ ನೋಡಕ್ಕೆ ಬಂದ್ಯೇನಮ್ಮ? ಆಯಮ್ಮ ಹೋಗಿ ಐದು ತಿಂಗಳಾಯ್ತಲ್ಲ. ನಮ್ಮ ನಂದನ ತಾಯಿ."

ಆಶಾರಾಣಿ ಜಗಲಿಯ ಅಂಚಿಗೆ ಬಂದು ಕೂತು ಉಳಿದದ್ದನ್ನೂ ಕೇಳಿದಳು.

ಮಣ್ಣು ಮಾಡಿದ ಮೂರನೇ ದಿನಕ್ಕೇ ಅವನು ಬಿಪಿ ಮಿಷನ್ ಹಿಡಿದು ಊರೂರು ತಿರುಗಲು ಹೊರಟಿದ್ದನಂತೆ. ಸಂಜೆ ಬಂದು ತಾಯಿಯ ಮಂಚದ ಪಕ್ಕ ಕೂತು ಏನೋ ಬರೆಯುತ್ತಿದ್ದನಂತೆ. ಈಗ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಾರಿಗೆ ಹಣ್ಣು ತುಂಬಲು ಹೋಗುತ್ತಾನಂತೆ.

ನಾಲ್ಕು ತಿಂಗಳು! ವಾರವಾರವೂ ತಾನು ಕೇಳುತ್ತಿದ್ದದ್ದು ಇಲ್ಲವಾದವಳ ಕ್ಷೇಮವನ್ನು...

ಕೋಲಾರಕ್ಕೆ ಮರಳಿ ಮೂವತ್ತು ಮನೆಗಳ ವರದಿಯನ್ನು ವೇಣುಗೋಪಾಲರ ಮುಂದಿಟ್ಟಳು. ಅವರು ಬಹಳ ಹೊತ್ತು ಓದಿದರು. ಊರನ್ನು ಮತ್ತೆ ಸೇರಿಸಿಕೊಳ್ಳಲು, ನಿಂತ ವ್ಯಾನಿಗಾಗಿ ಬರೆಯಲು ಒಪ್ಪಿದರು. ಎಲ್ಲ ಲೆಕ್ಕವನ್ನೂ ಮೊದಲಿಂದ ಮಾಡಬೇಕಾದ್ದರಿಂದ ಅವಳ ಪ್ರಬಂಧ ಆರು ತಿಂಗಳು ಹಿಂದೆ ಬಿತ್ತು. ಆದರೆ ಸತ್ತವರ ಬಿಪಿ ಬರೆದವನಿಗೆ ಈ ಕೆಲಸ ಮತ್ತೆ ಸಿಗುವುದಿಲ್ಲ ಎಂದರು.

ಮರುದಿನ ಮಧ್ಯಾಹ್ನ ಮಂಡಿಗೆ ಹೋದಳು. ಅವಳನ್ನು ಕಂಡು ಅವನು ಹೊತ್ತಿದ್ದ ಕ್ರೇಟು ಕೆಳಗಿಳಿಸಿದ. ಕಾಲೇಜಿಗೆ ಬಂದು ಹೋದ ಮೂರೇ ವಾರಕ್ಕೆ ಸೊರಗಿಹೋಗಿದ್ದ.

"ಯಾಕೆ ಹೇಳ್ಲಿಲ್ಲ ನನಗೆ?"

ಅವನು ತಲೆ ತಗ್ಗಿಸಿ ಅಂಗಿಗೆ ಕೈ ಒರೆಸಿಕೊಂಡ.

"ತಿಥಿ ಆದ್ಮೇಲೆ ಊರಲ್ಲಿ ಯಾರೂ ಅವಳ ಮಾತೇ ಎತ್ಲಿಲ್ಲ ಮೇಡಂ. ಅಮ್ಮ ಹೇಗಿದಾರೆ ಅಂತ ಕೇಳೋರು ನೀವೊಬ್ರೇ. ಹೋದ್ಲು ಅಂದ್ಬಿಟ್ರೆ ನೀವೂ ಕೇಳಲ್ವಲ್ಲ... ಬಾಯಲ್ಲಿ ಚೆನ್ನಾಗಿದಾಳೆ ಅಂದ್ಮೇಲೆ ಪೇಪರಲ್ಲೂ ಹಾಗೇ ಬರ್ದೆ. ತಪ್ಪೇ. ನೀವು ಹಿಡಿದಿದ್ದು ಸರಿ."

"ಹಿಡಿದಿದ್ದು ಸರಿ. ನಿಮ್ಮನ್ನ ಕೇಳ್ದೇ ಇದ್ದಿದ್ದು ತಪ್ಪು. ನಿಮ್ಮ ದನಿ ಕೇಳಿದ್ರೆ ಸೋತೋಗ್ತೀನಿ ಅಂತ ಹೆದರಿದೆ ನಂದಕುಮಾರ್. ಅಷ್ಟು... ಅಷ್ಟು ಇಷ್ಟ ನೀವಂದ್ರೆ."

ಅವನು ತಲೆಯೆತ್ತಿದ. ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. ರೋಗಿ ತೀರಿಕೊಂಡಾಗ ತುಂಬುವ ಫಾರಂ. ಬೇರೆ ಯಾರಾದರೂ ತುಂಬಬಹುದಿತ್ತು. ಅವಳು ಬಿಟ್ಟಿರಲಿಲ್ಲ.

ಕ್ರೇಟಿನ ಮೇಲಿಟ್ಟುಕೊಂಡು ಬರೆದ. ದಿನಾಂಕದ ಜಾಗದಲ್ಲಿ ಪೆನ್ನು ನಿಂತಿತು. ಬರೆದು ಮುಗಿಸಿದ. ಐದು ತಿಂಗಳಿಂದ ಅಳದವನು ಮಂಡಿಯ ಗದ್ದಲದ ನಡುವೆ ಮುಖ ಮುಚ್ಚಿಕೊಂಡು ಅತ್ತ. ಮಾವಿನ ಸೊನೆ ಅಂಟಿದ್ದ ಅವನ ಕೈಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ಕೂತಳು. ಹಮಾಲರು ನೋಡಿದರು. ನೋಡಲಿ ಎಂದು ಬಿಟ್ಟಳು.

ಮುಖ ಒರೆಸಿಕೊಂಡು ಅವನು ಕೇಳಿದ.

"ಕೆಲಸ ಹೋಗಿ ಹೆಸರು ಕೆಟ್ಟೋನು ನಾನು. ಮನೇಲಿ ಏನಂತ ಹೇಳ್ತೀರಾ?"

"ಆಗಿದ್ದೆಲ್ಲಾ ಹೇಳ್ತೀನಿ."

"ಒಪ್ತಾರಾ?"

"ಗೊತ್ತಿಲ್ಲ. ನಾಲ್ಕೂವರೆಗೆ ಯಲ್ದೂರಿಗೆ ಬಸ್ಸಿದೆ. ನೀವೂ ಬನ್ನಿ."

ಅವನು ತನ್ನ ಅಂಗಿ ನೋಡಿಕೊಂಡ. "ಬಟ್ಟೆಯಾದ್ರೂ ಬದಲಾಯಿಸ್ಕೊಂಡು..."

"ಬೇಡ, ನಂದ. ಹೀಗೇ ಬಾ."