ಬಾಗಿಲವರೆಗೆ

ಆಸ್ಪತ್ರೆಯಲ್ಲಿದ್ದ ಅಜ್ಜಿ ಮನೆಯಲ್ಲಿ ಉಂಡದ್ದು ಹೇಗೆ? ತಾನೇ ತಾರೀಖು ತಪ್ಪಾಗಿ ಓದಿದನೆ?

ತನಿಖಾಧಿಕಾರಿ ಮೂರನೆಯ ಸಲ ಪಟ್ಟಿ ನೋಡಿದ. ತಪ್ಪಿರಲಿಲ್ಲ. ಹನ್ನೆರಡು ದಿನ ಅಜ್ಜಿಯ ಮನೆಗೆ ಬೀಗ. ಆ ಹನ್ನೆರಡು ದಿನವೂ ಆಕೆಯ ಹೆಸರಿನ ಡಬ್ಬಿ ಹೋಗಿತ್ತು, ಖಾಲಿಯಾಗಿ ಮರಳಿತ್ತು. ಮನೆಯಿಂದ ಹೊರಬರಲಾಗದ ವೃದ್ಧರಿಗೆಂದು ಸರ್ಕಾರ ಕಳಿಸುವ ಊಟ. ಕದ್ದವನು ಚಾಲಕನಾದರೆ ಅವನ ಕೆಲಸ ಇಂದೇ ಹೋಗುತ್ತದೆ.

ಅಡುಗೆಮನೆಯ ಹಿಂದೆ ಚಾಲಕ ವ್ಯಾನಿಗೆ ಡಬ್ಬಿಗಳನ್ನು ಜೋಡಿಸುತ್ತಿದ್ದ.

“ಅಜ್ಜಿಯ ಊಟ ಯಾರು ತಿಂದದ್ದು?” ಎಂದು ಅಧಿಕಾರಿ ಕೇಳಿದ.

“ನಾನೇ ಸಾರ್. ಹಸಿವಾಗಿತ್ತು.”

“ಹನ್ನೆರಡು ದಿನವೂ?”

“ಹಸಿವು ದಿನಾ ಆಗತ್ತಲ್ಲ ಸಾರ್.”

ಪಾತ್ರೆ ತೊಳೆಯುವ ಹೆಂಗಸು ನಲ್ಲಿಯ ಬಳಿಯಿಂದಲೇ ನಕ್ಕಳು. “ಇವನಾ? ಉಪ್ಪು ಕಮ್ಮಿ ಊಟ ಅಂದ್ರೆ ಮೂಗು ಮುರೀತಾನೆ. ಸುಳ್ಳು ಹೇಳೋಕೂ ಬರಲ್ಲ, ಪಾಪ.”

“ಡಬ್ಬಿ ವಾಪಸ್ ಬಂದಾಗ ಹೇಗಿತ್ತಮ್ಮ?”

“ಅಜ್ಜಿಗೆ ಹಲ್ಲಿಲ್ಲ, ಬ್ರೆಡ್ಡಿನ ಅಂಚು ಯಾವಾಗ್ಲೂ ವಾಪಸ್ ಬರೋದು. ಈಗ ಅಂಚೂ ಇಲ್ಲ, ಎಂಜಲೂ ಇಲ್ಲ. ತೊಳೆದು ಒರೆಸಿಟ್ಟ ಹಾಗೆ—”

ಅಧಿಕಾರಿ ಚಾಲಕನತ್ತ ತಿರುಗಿದ. “ನಿನ್ನ ವ್ಯಾನಿನಲ್ಲಿ ನಲ್ಲಿ ಇದೆಯಾ?”

ಚಾಲಕ ಇನ್ನೊಂದು ಡಬ್ಬಿ ಎತ್ತಿ ವ್ಯಾನಿನಲ್ಲಿಟ್ಟ. ಅಧಿಕಾರಿಯೇ ಮುಂದುವರಿಸಿದ:

“ಇಲ್ಲ. ಡಬ್ಬಿ ಯಾರದೋ ಮನೆಗೆ ಹೋಗಿದೆ. ಅವರಿಗೆ ಹಲ್ಲಿದೆ, ಸಂಕೋಚವೂ ಇದೆ. ಅಜ್ಜಿಯ ಎದುರು ಮನೇಲಿ ಯಾರಿದ್ದಾರೆ?”

“ದರ್ಜಿ ತಾತ,” ಎಂದ ಚಾಲಕ ನೆಲ ನೋಡುತ್ತ.

ಅಧಿಕಾರಿ ಚಾಲಕನನ್ನು ಕರೆದುಕೊಂಡು ದರ್ಜಿಯ ಮನೆಗೆ ಹೋದ. ಮೂರನೆಯ ಮಹಡಿ, ಲಿಫ್ಟ್ ಇರಲಿಲ್ಲ. ಮುದುಕ ಗೋಡೆ ಹಿಡಿದು ಹೊಸ್ತಿಲವರೆಗೆ ಬಂದು ನಿಂತ.

“ನಾನೇ ತಿಂದೆ ಸ್ವಾಮಿ. ಹುಡುಗನ್ನ ಬಿಟ್ಬಿಡಿ.”

“ಅರ್ಜಿ ಹಾಕಬಹುದಿತ್ತಲ್ಲ?”

“ಹಾಕಿದ್ದೆ. ‘ಹೊರಗೆ ಬರಲು ಆಗುತ್ತದೆಯೇ?’ ಅಂತ ಕೇಳಿದ್ರಿ. ‘ಬಾಗಿಲವರೆಗೆ’ ಅಂತ ನಿಜ ಬರೆದೆ. ‘ಹೊರಗೆ ಬರಬಲ್ಲರು’ ಅಂತ ವಾಪಸ್ ಬಂತು.”

ಮುದುಕ ವಾಪಸ್ ಬಂದ ಅರ್ಜಿಯ ಮಡಿಸಿದ ಕಾಗದ ಕೊಟ್ಟ. ಅಧಿಕಾರಿ ಓದಿದ. ಮತ್ತೆ ಮಡಿಸಿ ಕೈಯಲ್ಲೇ ಹಿಡಿದುಕೊಂಡ.

“ಬಾಗಿಲಿಗೆ ಬಂದು ಸಹಿ ಹಾಕಿದ್ರೇ ಊಟ ಕೊಡು ಅನ್ನೋದೂ ನಿಮ್ಮದೇ ನಿಯಮ ಸಾರ್,” ಎಂದ ಚಾಲಕ.

“ಹೌದು. ಊಟ ಕಳುವಾಗಿಲ್ಲ. ಸಿಗಬೇಕಾದವರಿಗೇ ಸಿಕ್ಕಿದೆ. ತಪ್ಪಿತಸ್ಥ ಈ ಅರ್ಜಿ ಓದಿದವನು. ವರದಿಯಲ್ಲಿ ಹಾಗೇ ಬರೀತೀನಿ. ನಿನ್ನ ಕೆಲಸಕ್ಕೆ ತೊಂದರೆಯಿಲ್ಲ.”

“ಯಾರು ಸಾರ್ ಆ ಮಹಾನುಭಾವ?”

“ಬಿಡಪ್ಪ,” ಎಂದ ದರ್ಜಿ, “ಅವರಿಗೂ ನೂರೆಂಟು ಕೆಲಸ ಇರತ್ತೆ.”

ಕಾಗದದ ಕೆಳಗಿನ ಸಹಿ ತನ್ನದೇ ಎಂದು ತನಿಖಾಧಿಕಾರಿ ಹೇಳಲಿಲ್ಲ.