ಕಾಣೆಯಾದ ಕೈಗಲ್ಲು

ಗಾಜಿನ ಪೆಟ್ಟಿಗೆ ಒಡೆದಿರಲಿಲ್ಲ. ಒಳಗೆ, ನಡುವೆ ಸವೆದು ತಗ್ಗಾದ ಹಾಸುಗಲ್ಲು ಇದ್ದಹಾಗೇ ಇತ್ತು. ಅದರ ಮೇಲೆ ಆಡಿಸಿ ಅರೆಯುತ್ತಿದ್ದ ಕೈಗಲ್ಲು ಮಾತ್ರ ಇರಲಿಲ್ಲ. ಅದಿದ್ದ ಜಾಗದ ಮಖಮಲ್ ಬಟ್ಟೆಯನ್ನು ಯಾರೋ ಒಂದು ಸುಕ್ಕೂ ಇಲ್ಲದಂತೆ ಸವರಿಟ್ಟಿದ್ದರು.

"ಲೋಹ ಅಂದ್ರೇನು ಅಂತಲೇ ಗೊತ್ತಿಲ್ಲದ ಕಾಲದ್ದು ಡಾಕ್ಟರಮ್ಮ," ಎಂದು ವಸ್ತುಸಂಗ್ರಹಾಲಯದ ಮುಖ್ಯಸ್ಥರು ತಲೆಯ ಮೇಲೆ ಕೈಹೊತ್ತರು. "ನಾಳೆ ಈ ಕೋಣೆಯ ಉದ್ಘಾಟನೆ. ಆಮೇಲೆ ಈ ಪೆಟ್ಟಿಗೇನ ಶಾಶ್ವತವಾಗಿ ಮುಚ್ಚಿಬಿಡೋರಿದ್ವಿ. ನಾನು ಯಾವ ಮುಖ ಇಟ್ಕೊಂಡು ಜನರ ಮುಂದೆ ನಿಲ್ಲಲಿ?"

ಡಾಕ್ಟರಮ್ಮನದು ಹಲ್ಲು ಕೀಳುವ ಕಸುಬು. ಆದರೆ ಪೊಲೀಸರು ಕೈಚೆಲ್ಲಿದ ಎಷ್ಟೋ ಪ್ರಕರಣಗಳ ಬೇರನ್ನೂ ಅವರೇ ಕಿತ್ತು ತೋರಿಸಿದ್ದರು. ಹೋದಲ್ಲೆಲ್ಲ ಅವರ ಬೆನ್ನಿಗಿರುತ್ತಿದ್ದವನು ಅವರ ಕಂಪೌಂಡರ್. ಈ ಸಲ ಮಾತ್ರ ಅವನಿಗೆ ಹೊಸ್ತಿಲು ದಾಟಲು ಕಾಲೇ ಬರಲಿಲ್ಲ. ಕೋಣೆಯ ಬಾಗಿಲ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆ ಫಲಕದಲ್ಲಿ ಇದ್ದದ್ದು ಅವನ ತಂಗಿಯ ಹೆಸರು.

ಆ ಕಲ್ಲುಗಳನ್ನು ಮಣ್ಣಿನಿಂದ ಎತ್ತಿದವಳು ಅವಳೇ. ಆದಿಮಾನವರು ಏನನ್ನು ಅರೆಯುತ್ತಿದ್ದರು ಎಂದು ತಿಳಿಯಲು ಅಂಥದ್ದೇ ಕಲ್ಲು ಕಡೆದುಕೊಂಡು, ವರ್ಷಗಟ್ಟಲೆ ಕಾಡುಬೀಜ ಅರೆದವಳು. ಎಡಗೈಯಲ್ಲಿ ಅರೆಯುತ್ತ, ಬಲಗೈಯಲ್ಲಿ ಬೆವರು ಒರೆಸಿಕೊಳ್ಳುತ್ತ, "ಅಣ್ಣಾ, ನಿನ್ನ ಮಿಕ್ಸಿಗಿಂತ ಇದೇ ವಾಸಿ, ಕರೆಂಟ್ ಹೋದ್ರೂ ನಿಲ್ಲಲ್ಲ," ಎಂದು ನಗುತ್ತಿದ್ದಳು. ಮೊನ್ನೆ ಮೊನ್ನೆ ತಲೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಇನ್‌ಸ್ಪೆಕ್ಟರ್ ಆಗಲೇ ಕಳ್ಳನನ್ನು ಗೊತ್ತುಮಾಡಿಕೊಂಡಾಗಿತ್ತು. "ಬೀಗದಕೈ ಪಕ್ಕದ ಕೆಲಸದ ಕೋಣೇಲಿ ಮೊಳೆಗೆ ನೇತುಹಾಕಿರ್ತಾರೆ. ನಿನ್ನೆ ಸಂಜೆ ಇದ್ದೋರು ಮೂರೇ ಜನ. ಮುಖ್ಯಸ್ಥರು, ಪರದೆ ಹೊಲಿಯೋಕೆ ಬಂದಿದ್ದ ತೀರಿಹೋದವರ ಗಂಡ, ಮತ್ತೆ ಈ ಮಹಾಶಯ," ಎಂದು ಸಹಸಂಶೋಧಕನತ್ತ ಕೈತೋರಿಸಿದರು.

ಸಹಸಂಶೋಧಕನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಆ ಕಲ್ಲಿನಲ್ಲಿ ಅರೆದದ್ದು ಬೀಜ ಎಂದು ಅವಳು, ಕೆಮ್ಮಣ್ಣು ಎಂದು ಅವನು. "ಮತ್ತೊಮ್ಮೆ ಪರೀಕ್ಷೆ ಮಾಡಿದ್ರೆ ನಿಮ್ಮ ಬಣ್ಣ ಬಯಲಾಗುತ್ತೆ" ಎಂದು ಅವನು ತುಂಬಿದ ಸಭೆಯಲ್ಲೇ ಅಂದಿದ್ದ. ಈಗ ಬೆವರುತ್ತಿದ್ದ. "ಜಗಳ ಆಡಿದ್ದು ನಿಜ ಮೇಡಂ. ಕದ್ದಿಲ್ಲ. ನನಗೂ ಹೆಂಡ್ತಿ ಮಕ್ಕಳಿದ್ದಾರೆ."

ಎಲ್ಲರೂ ಕೆಲಸದ ಕೋಣೆಗೆ ಬಂದರು. ಮೇಜಿನ ಮೇಲೆ, ಸೂಕ್ಷ್ಮದರ್ಶಕದ ಪಕ್ಕ, 'ನಕಲು' ಎಂಬ ಚೀಟಿ ಕಟ್ಟಿದ ಕೈಗಲ್ಲೊಂದಿತ್ತು. ಇನ್‌ಸ್ಪೆಕ್ಟರ್ ಅದನ್ನು ಒಂದೇ ಕೈಯಲ್ಲಿ ಎತ್ತಿ ಅಲ್ಲಾಡಿಸಿದರು.

"ಮೆಲ್ಲಗೆ ಸಾರ್, ಬಿದ್ದೀತು!" ಎಂದು ದರ್ಜಿ ಕೂಗಿದ. ಕಂಪೌಂಡರನ ತಂಗಿಯ ಗಂಡ ಅವನೇ. ಗಡ್ಡ ಬೆಳೆದಿತ್ತು; ಅಂಗಿಯ ಗುಂಡಿ ತಪ್ಪಿತ್ತು. ಊರಿಗೆಲ್ಲ ಗುಂಡಿ ಹಾಕಿಕೊಡುವವನ ಆ ಅವತಾರ ನೋಡಲಾರದೆ ಕಂಪೌಂಡರ್ ಬೇರೆಡೆಗೆ ತಿರುಗಿದ.

ಮುಖ್ಯಸ್ಥರಿಗೂ ಮನಸ್ಸು ಕರಗಿತು. "ಇದು ನಿಮ್ಮ ಮನೆಯವರೇ ಅರೆದ ಕಲ್ಲಲ್ವಾ? ನೆನಪಿಗೆ ನೀವೇ ಇಟ್ಕೊಳ್ಳಿ."

ದರ್ಜಿ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಸಾರ್. ಅದು ಇಲ್ಲೇ ಇರ್ಲಿ."

ಡಾಕ್ಟರಮ್ಮ ಅವನನ್ನೊಮ್ಮೆ ನೋಡಿ, ಗೋಡೆಯ ಮೇಲಿದ್ದ ಫೋಟೋದ ಮುಂದೆ ಬಹಳ ಹೊತ್ತು ನಿಂತರು. ಪೆಟ್ಟಿಗೆಯೊಳಗಿದ್ದ ಕೈಗಲ್ಲಿನ ಇತ್ತೀಚಿನ ಫೋಟೋ ಅದು. ಆಮೇಲೆ ಕಂಪೌಂಡರನನ್ನು ಹೊರಗೆ ಕರೆದರು.

"ನಿನ್ನ ತಂಗಿ ಎಡಚಿ, ಅಲ್ವೇನಪ್ಪ?"

"ಹೌದಮ್ಮ."

ಅವರು ವಿಷಯ ಹೇಳಿದರು.

"ನಾನು ಬಾಯಿ ಬಿಟ್ರೆ ನಿನ್ನ ತಂಗಿಯ ಹೆಸರಿಗೆ ಕಳಂಕ. ಬಿಡದಿದ್ರೆ ಒಳಗಿರೋ ಆ ಸಂಶೋಧಕ ಜೈಲಿಗೆ. ನೀನು ಅವಳ ಒಡಹುಟ್ಟಿದೋನು, ಅದಕ್ಕೇ ಮೊದಲು ನಿನ್ನ ಕೇಳ್ತಿದ್ದೀನಿ."

ಹಾಳಾಗಿ ಹೋಗಲಿ, ಸುಮ್ಮನಿದ್ದುಬಿಡಿ ಎನ್ನುವ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. "ಹೇಳಿಬಿಡಿ ಅಮ್ಮ," ಎಂದ.

ಗಾಜಿನ ಪೆಟ್ಟಿಗೆಯ ಸುತ್ತ ಎಲ್ಲರನ್ನೂ ಸೇರಿಸಿ, ಡಾಕ್ಟರಮ್ಮ 'ನಕಲು' ಚೀಟಿಯ ಕಲ್ಲನ್ನು ಎರಡೂ ಕೈಯಲ್ಲಿ ತಂದು ಹಾಸುಗಲ್ಲಿನ ತಗ್ಗಿನಲ್ಲಿ ಕೂರಿಸಿದರು. ಪಕ್ಕದಿಂದ ಟಾರ್ಚ್ ಬಿಟ್ಟರು. ನಡುವೆ ಎಳೆಯಷ್ಟೂ ಬೆಳಕು ತೂರಲಿಲ್ಲ.

"ಮೇಲಿನ ದವಡೆ, ಕೆಳಗಿನ ದವಡೆ ಒಂದಕ್ಕೊಂದು ಉಜ್ಜಿ ಉಜ್ಜಿ ಸವೆದಾಗ ಹೀಗೆ ಕೂಡುತ್ತೆ. ಬೇರೆಯವರ ಹಲ್ಲು ತಂದಿಟ್ರೆ ಕೂಡಲ್ಲ. ಇನ್‌ಸ್ಪೆಕ್ಟರೇ, ಅಸಲಿ ಕಲ್ಲು ಇದೇ. ಕಳುವಾಗಿರೋದೇ ನಕಲು."

ಕೆಲಸದ ಕೋಣೆಯ ಗೋಡೆಯಿಂದ ತಂದಿದ್ದ ಫೋಟೋವನ್ನು ಡಾಕ್ಟರಮ್ಮ ಎಲ್ಲರ ಮುಂದಿಟ್ಟರು.

"ಫೋಟೋ ನೋಡಿ. ಚೂಪು ತುದಿ ಮುಂದಿಟ್ಟು ಹಿಡಿದ್ರೆ, ಹೆಬ್ಬೆರಳು ಕೂತು ನುಣುಪಾದ ಜಾಗ ಬಲಕ್ಕಿದೆ. ಅಂದ್ರೆ ಎಡಗೈಯವರು ಅರೆದ ಕಲ್ಲು. ಈ ಅಸಲಿಯಲ್ಲಿ ಆ ಜಾಗ ಎಡಕ್ಕಿದೆ. ಕಲ್ಲಿನ ರಂಧ್ರದಲ್ಲಿ ಬೀಜದ ಕಣ ಹುಡುಕೋಕೆ ಆಕೆ ಅಸಲಿಯನ್ನ ತನ್ನ ಮೇಜಿಗೆ ತಗೊಂಡು, ತನ್ನ ಕಲ್ಲನ್ನ ಪೆಟ್ಟಿಗೆಯಲ್ಲಿಟ್ಟರು. ಚೀಟಿಯನ್ನೂ ಬದಲಾಯಿಸಿದರು. ವಾಪಸ್ ಇಡೋಕೆ ಆಯಸ್ಸು ಸಾಲಲಿಲ್ಲ."

"ಹಾಗಾದ್ರೆ ನಕಲನ್ನ ಕದ್ದು ಏನು ಭಾಗ್ಯ?" ಎಂದರು ಇನ್‌ಸ್ಪೆಕ್ಟರ್.

"ಕಳ್ಳ ಆದ್ರೆ ಬಾಚಿಕೊಂಡು ಓಡ್ತಾನೆ, ಮಖಮಲ್ ಸವರಲ್ಲ. ಇನ್ನೊಂದು ಕಲ್ಲು ಕೂರಿಸೋಕೆ ಜಾಗ ಮಾಡಿದವರು ಸವರ್ತಾರೆ. ಅಸಲಿ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ನೀವು 'ನಕಲು' ಎತ್ತಿ ಅಲ್ಲಾಡಿಸಿದಾಗ ಅವರ ಜೀವ ಬಾಯಿಗೆ ಬಂತು. ಹೆಂಡತಿಯ ನೆನಪಿಗೆ ಇಟ್ಕೊಳ್ಳಿ ಅಂದಾಗ ಬೇಡ ಅಂದರು. ಯಾಕಂದ್ರೆ ಅದು ಆಕೆಯ ಕಲ್ಲಲ್ಲ."

ದರ್ಜಿ ಪೆಟ್ಟಿಗೆಯ ಹತ್ತಿರ ಬಂದ.

"ನನಗೊಬ್ಬನಿಗೇ ಹೇಳಿದ್ಲು," ಎಂದ. "ಪೆಟ್ಟಿಗೆ ಮುಚ್ಚೋಕೆ ಮುಂಚೆ ಅವಳದ್ದು ತೆಗೆದು ಅಸಲಿ ಇಟ್ಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಅವಳದ್ದನ್ನ ಚೀಲಕ್ಕೆ ಹಾಕಿದ್ದೆ ಅಷ್ಟೇ, ಮುಖ್ಯಸ್ಥರು ಬಂದ್ರು. ಪೆಟ್ಟಿಗೆ ಮೇಲೆ ಪರದೆ ಎಳೆದು ಹೊರಟೆ. ಬೆಳಿಗ್ಗೆ ಬಂದಾಗ ಪೊಲೀಸ್ರು." ಸಹಸಂಶೋಧಕನ ಕಡೆಗೆ ಕೈಮುಗಿದ. "ನಿಮ್ಮ ಮೇಲೆ ಬಂದಾಗ್ಲೇ ಹೇಳ್ಬೇಕಿತ್ತು. ಹೇಳಿದ್ರೆ, ಸತ್ತೋಳನ್ನ ಮೋಸಗಾತಿ ಅಂತಾರಲ್ಲ ಅಂತ..."

ಸಹಸಂಶೋಧಕ ಕನ್ನಡಕ ತೆಗೆದು ಒರೆಸಿಕೊಂಡ. "ಆಕೆ ಹೇಳಿದ್ದೇ ಸರಿ," ಎಂದ ಕೊನೆಗೆ. "ಸೂಕ್ಷ್ಮದರ್ಶಕದ ಗಾಜಿನ ಮೇಲೆ ಆಕೆ ಬಿಟ್ಟು ಹೋಗಿದ್ದನ್ನ ನೋಡಿದ್ದೆ. ಬೀಜದ ಕಣಾನೇ. ಒಪ್ಪಿಕೊಳ್ಳೋಕೆ ಮನಸ್ಸು ಬರಲಿಲ್ಲ. ಈಗ ಹೇಳಿ ಯಾರಿಗೆ ಸಂತೋಷ?"

ಮುಖ್ಯಸ್ಥರು ದೂರು ಹಿಂತೆಗೆದುಕೊಂಡರು. ಅವಳು ಅರೆದ ಕಲ್ಲು ದರ್ಜಿಗೇ ಉಳಿಯಿತು. ಆದರೆ ನಕಲನ್ನು ಅಸಲಿ ಎಂದು ಪೆಟ್ಟಿಗೆಯಲ್ಲಿಟ್ಟವರ ಹೆಸರನ್ನು ಬಾಗಿಲ ಮೇಲೆ ಇಡಲಾಗದು ಎಂದು ಮೇಲಿನವರು ತೀರ್ಮಾನಿಸಿದರು. ಮಧ್ಯಾಹ್ನದೊಳಗೆ ಫಲಕ ಇಳಿಯಿತು. ಅವಳ ಹೆಸರು ಉಳಿಸಲು ಹೋದವನ ಕೈಯಲ್ಲೇ ಆ ಹೆಸರು ಹೋಯಿತು.

ಸಂಜೆ ಕಂಪೌಂಡರ್ ದರ್ಜಿಯ ಮನೆಗೆ ಹೋದ. ಹೊಲಿಗೆ ಯಂತ್ರದ ಮೇಲೆ ಕಲ್ಲಿತ್ತು. ದರ್ಜಿ ಅದರ ಮೇಲೆ ಕೈಯಿಟ್ಟು ಕೂತಿದ್ದ.

"ನನ್ನ ಕೈ ಕೂಡ್ತಿಲ್ಲ ಭಾವ," ಎಂದ. "ಎಡಗೈ ಇಟ್ಟೂ ನೋಡಿದೆ. ಅವಳ ಬೆರಳು ಸಣ್ಣ."

ಕಂಪೌಂಡರ್ ಪಕ್ಕದಲ್ಲಿ ಕೂತ.

"ಡಾಕ್ಟರಮ್ಮನಿಗೆ ಹೇಳಿ ಅಂದಿದ್ದು ನಾನೇ," ಎಂದ ಕಂಪೌಂಡರ್.

"ಗೊತ್ತು. ನಿಮ್ಮ ಮುಖ ನೋಡಿದಾಗ್ಲೇ ಗೊತ್ತಾಯ್ತು."

"ಕೋಪ ಇದೆಯಾ?"

"ಇದೆ ಭಾವ. ಇಲ್ಲ ಅಂತ ಹೇಗೆ ಹೇಳ್ಲಿ?" ದರ್ಜಿ ಕಣ್ಣೊರೆಸಿಕೊಂಡು ಎದ್ದ. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ? ಅನ್ನಕ್ಕಿಡ್ತೀನಿ. ಒಬ್ಬನಿಗೆ ಎಷ್ಟು ಇಡ್ಬೇಕು ಅಂತ ಇನ್ನೂ ಗೊತ್ತಾಗಿಲ್ಲ, ದಿನಾ ಜಾಸ್ತಿಯಾಗುತ್ತೆ. ಹೋಗ್ಬೇಡಿ, ಕೂತ್ಕೊಳ್ಳಿ."