ಕಪ್ಪು ಕಾರ್ಡಿನ ಬೆನ್ನು

ಕಾರ್ಡು ಸಿಕ್ಕಿದ್ದು ಶಿವಕುಮಾರಿಯ ಬ್ಯಾಗಿನಲ್ಲಿ, ಬುತ್ತಿ ಡಬ್ಬಿಯ ಕೆಳಗೆ.

ಹೊರಗೆಳೆದವನು ಅಕ್ಕಿ ಮಿಲ್ಲಿನ ಮಾಲೀಕ ಬಸವಲಿಂಗ. ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಕಪ್ಪು ಕಾರ್ಡು, ಮೂಲೆಯಲ್ಲಿ ಬೆಳ್ಳಿ ಬಣ್ಣದ ಪುಟ್ಟ ವಿಮಾನ. ಅದನ್ನು ಮೇಜಿನ ಮೇಲಿಟ್ಟು ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

"ತೌಡಿನ ಧೂಳು ಸೈತ ಹತ್ತೈತಿ. ಎಂದಿನಿಂದ ಮುಚ್ಚಿಟ್ಟಿದ್ದಿ?"

"ನನಗ... ಗೊತ್ತಿಲ್ರಿ ಸಾಹುಕಾರ್ರ."

"ಬ್ಯಾಗ್ ಯಾರದು?"

"ನಂದ ರೀ."

"ಡಬ್ಬಿ?"

"ನಂದ."

"ಕಾರ್ಡ್ ಮಾತ್ರ ಮಂದೀದು?"

ಬಸವಲಿಂಗ ಆಫೀಸಿನ ಶಟರ್ ಎಳೆದು ಇಳಿಸಿದ. ಶಿವಕುಮಾರಿಯ ಮುಂದೆ ಒಂದು ಬಿಳಿ ಹಾಳೆ ಬಂದು ಬಿತ್ತು.

"ತಪ್ಪಾತು ಅಂತ ಬರದು ಕೊಡು, ಮನಿಗಿ ಹೋಗು. ಇಲ್ಲಾಂದ್ರ ಪೊಲೀಸ್ರಿಗೆ ಹೇಳ್ತೀನಿ."

ಗದ್ದಲಕ್ಕೆಲ್ಲ ಬೇರು ಎರಡು ಕಾರ್ಡುಗಳು. ಅಕ್ಕಿ ಮಾರಲು ಬಸವಲಿಂಗ, ಅವನ ತಮ್ಮ ಜಂಬಣ್ಣ ಇಬ್ಬರೂ ಹೈದರಾಬಾದಿನಿಂದ ದೆಹಲಿ, ಕೋಲ್ಕತ್ತಾಗಳಿಗೆ ವಿಮಾನದಲ್ಲಿ ಓಡಾಡುವವರು. ಅಣ್ಣನಿಗೆ ದೊಡ್ಡ ವಿಮಾನ ಕಂಪನಿಯ ಕ್ರೆಡಿಟ್ ಕಾರ್ಡಿನ ಮೇಲೆ ಮನಸ್ಸು. ತಮ್ಮನಿಗೆ ಫರ್ಮಿನ ಹೆಸರಿನ ಬಿಸಿನೆಸ್ ಟ್ರಾವೆಲ್ ಕಾರ್ಡು ಬೇಕು. ಕೊನೆಗೆ ಲೆಕ್ಕ ನೋಡುವ ಹುಡುಗಿಯನ್ನೇ ಕೇಳಿದ್ದರು. ಮಸ್ಕಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡುವ ಶಿವಕುಮಾರಿ ಅಂದು ನೆಲ ನೋಡುತ್ತಲೇ ಹೇಳಿದ್ದಳು:

"ವಿಮಾನದ ಕಾರ್ಡಿನಾಗ ಪಾಯಿಂಟ್ ಒಬ್ಬರ ಹೆಸರಿಗೇ ಕೂಡತಾವ್ರಿ. ಪುಕ್ಕಟೆ ಟಿಕೆಟ್ಟೂ ಅವರಿಗೇ. ಬಿಸಿನೆಸ್ ಕಾರ್ಡಿನಾಗ ಯಾರು ಎಲ್ಲಿಗೆ ಹೋದ್ರೂ ಇಬ್ಬರಿಗೂ ಕಾಣತೈತಿ. ಜಿಎಸ್‌ಟಿ ಬಿಲ್ಲೂ ಸರಳ."

"ಏರ್‌ಪೋರ್ಟ್ ಲಾಂಜಿನ ಊಟ?" ಎಂದಿದ್ದ ಬಸವಲಿಂಗ.

"ನಿನಗ ಊಟದ್ದ ಚಿಂತಿ," ಎಂದು ಜಂಬಣ್ಣ ನಕ್ಕಿದ್ದ. ಬಿಸಿನೆಸ್ ಕಾರ್ಡೇ ಎಂದು ತೀರ್ಮಾನವಾಗಿತ್ತು.

ಇಂದು ಮಧ್ಯಾಹ್ನ ಊಟದ ಹೊತ್ತಿಗೆ ಆ ಕಾರ್ಡು ಎಲ್ಲಿಯವರೆಗೆ ಬಂತೆಂದು ಜಂಬಣ್ಣ ಬ್ಯಾಂಕಿಗೆ ಫೋನ್ ಮಾಡಿದರೆ ಬಂದ ಉತ್ತರ ಬೇರೆ: ಫರ್ಮಿನ ಕಾಗದಪತ್ರದ ಮೇಲೆ ಬಸವಲಿಂಗನ ಹೆಸರಿಗೆ ವಿಮಾನದ ಕಾರ್ಡು ಆಗಲೇ ಹೋಗಿದೆ! ನಾನು ಅರ್ಜಿಯನ್ನೇ ಹಾಕಿಲ್ಲ ಎಂದು ಬಸವಲಿಂಗ ಕೂಗಾಡಿದ. ಕಾಗದಪತ್ರ ಇರುವುದು ಶಿವಕುಮಾರಿಯ ಕೈಯಲ್ಲಿ. ಓಟಿಪಿ ಬರುವ ಆಫೀಸಿನ ಫೋನು ಆಕೆಯ ಮೇಜಿನ ಮೇಲೆ. ಹುಡುಕಾಟ ನಡೆಯಿತು. ಬ್ಯಾಗಿನಲ್ಲಿ ಕಾರ್ಡು.

ಹೊರಗೆ ಮಸ್ಕಿ ಬಸ್ಸಿನ ಹಾರ್ನ್ ಕೇಳಿಸಿ ದೂರವಾಯಿತು. ಬಸವಲಿಂಗ ಕಿತ್ತಿಟ್ಟುಕೊಂಡಿದ್ದ ಆಕೆಯ ಫೋನಿನಲ್ಲಿ 'ಅಪ್ಪ' ಎಂಬ ಹೆಸರು ಬೆಳಗಿತು. ಅವನು ಫೋನನ್ನು ಬೋರಲು ಹಾಕಿದ. ಒಂದು ಸಾಲು ಬರೆದರೆ ಶಟರ್ ಏಳುತ್ತದೆ. ಆಮೇಲೆ? ಮಸ್ಕಿಯ ಪೇಟೆಯಲ್ಲಿ ಅಪ್ಪ ಯಾವ ಮುಖ ಹೊತ್ತು ನಡೆಯಬೇಕು? ಯಾರು ಇನ್ನೊಂದು ಕೆಲಸ ಕೊಡುತ್ತಾರೆ? ಪೆನ್ನು ಬೆವರಿನಲ್ಲಿ ಜಾರುತ್ತಿತ್ತು.

ಜಂಬಣ್ಣನಿಗೆ ಮನಸ್ಸು ಒಪ್ಪಲಿಲ್ಲ. ಪೊಲೀಸರಿಗಿಂತ ಮೊದಲು ಲಿಂಗಸುಗೂರಿನ ರೇಣುಕಾದೇವಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಒಂದು ಮಾತೂ ಬಿಡದೆ ಹೇಳಿದ. ಆಕೆ ಅವನ ಹೆಂಡತಿಯ ಅಕ್ಕ, ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದವಳು. ಸಂಜೆಗೆ ಆಕೆ ಬಂದಳು. ಶಟರ್ ಎದ್ದಿತು, ಆಕೆ ಒಳಗಾದ ಕೂಡಲೇ ಬಸವಲಿಂಗ ಮತ್ತೆ ಇಳಿಸಿದ.

"ಈ ಹುಡುಗಿಗಿ ನೀರು ಕೊಟ್ಟೀರೇನು?"

ರೇಣುಕಾದೇವಿ ತಾನೇ ನೀರು ಬಗ್ಗಿಸಿ ಕೊಟ್ಟಳು.

"ಬ್ಯಾಗ್ ಎಲ್ಲಿಡ್ತಿ ತಂಗಿ?"

"ಕೈ ತೊಳ್ಯೋ ಜಾಗದಾಗ, ಮೊಳಿಗಿ ತೂಗು ಹಾಕತೀನ್ರಿ."

"ಅಲ್ಲಿಗೆ ಯಾರು ಬರತಾರ?"

"ಎಲ್ಲಾರೂ ರೀ."

"ಈ ಕಾರ್ಡು ಮುಟ್ಟೀಯೇನು?"

"ಇಲ್ರಿ. ಸಾಹುಕಾರ್ರು ತಗದಾಗಷ್ಟ ನೋಡಿದೆ."

"ಕಳ್ಳಿ ಹೌದಂತಾಳೇನ್ರಿ?" ಬಸವಲಿಂಗ ನಡುವೆ ಬಾಯಿ ಹಾಕಿದ.

"ತಡೀರಿ ಅಣ್ಣಾರ, ನಿಮ್ಮ ಪಾಳಿ ಬರತೈತಿ."

ಆಕೆ ಕಾರ್ಡನ್ನು ಎತ್ತಿ ಬೆಳಕಿಗೆ ಹಿಡಿದಳು. ತಿರುವಿದಳು. ಮೂಗಿನ ಹತ್ತಿರ ತಂದಳು.

"ಅಣ್ಣಾರ, ತೌಡು ಯಾವ ಬಣ್ಣ?"

"ಅದೇನ್ ಕೇಳ್ತೀರಿ? ಕಂದು."

"ಇದು ಬೆಳ್ಳಗೈತಿ."

"ಧೂಳು ಧೂಳ ಅಲ್ಲೇನ್ರಿ?"

"ಧೂಳು ಬಿದ್ರ ಎಲ್ಲಾ ಕಡೆ ಬೀಳತೈತಿ. ಮೂರು ಗೆರಿ ಎಳಕೊಂಡು ಬೀಳೂದಿಲ್ಲ."

ಜಂಬಣ್ಣ ಬಗ್ಗಿ ನೋಡಿದ. ಕಾರ್ಡಿನ ಬೆನ್ನ ಮೇಲೆ ಅರ್ಧ ಅಳಿಸಿದ ಮೂರು ಬೆರಳಿನ ಗುರುತು—ವಿಭೂತಿ! ಅವನ ಮುಖ ಬಿಳುಪೇರಿತು. ಅವರ ಮನೆಯಲ್ಲಿ ಗಾಡಿಯ ಕೀಲಿಯಿರಲಿ, ಮೊಬೈಲ್ ಇರಲಿ, ಹೊಸದೆಂದರೆ ಮೊದಲು ದೇವರ ಜಗಲಿಗೆ ಹೋಗಿಯೇ ಬರಬೇಕು.

"ಇಕೀನ ಹಚ್ಚಿರಬಹುದಲ್ಲ?" ಬಸವಲಿಂಗನ ದನಿ ಸಣ್ಣಗಾಗಿತ್ತು.

"ಕದ್ದ ಮಾಲು ಯಾರರ ದೇವರ ಮುಂದ ಇಡ್ತಾರೇನ್ರಿ? ಜಂಬಣ್ಣ, ನಿಮ್ಮವ್ವಾರಿಗೆ ಫೋನ್ ಹಚ್ಚು. ಸ್ಪೀಕರ್ ಇಡು."

ತಾಯಿ ಗುರುಲಿಂಗಮ್ಮನ ದನಿ ಕೋಣೆ ತುಂಬಿತು.

"ಅವ್ವಾ, ಹೊಸಾ ಕಾರ್ಡಿಗೆ ಇಬತ್ತಿ ಹಚ್ಚೀಯೇನು?" ಎಂದು ಕೇಳಿದ ಜಂಬಣ್ಣ.

"ಹಚ್ಚದ ಬಿಡ್ತೀನೇನಪಾ? ದೊಡ್ಡಾವ ಕಿಸೇದಾಗ ಇಟಗೊಂಡು ಹೊಂಟಿದ್ದ, ನಾನ ಈಸ್ಕೊಂಡು ಎರಡೂ ಮಗ್ಗಲ ಹಚ್ಚೀನಿ. ತಮ್ಮಗ ಹೇಳಬ್ಯಾಡ ಅಂದಿದ್ದ... ಅಯ್ಯ, ಹೇಳಿಬಿಟ್ನೇನು? ಇರಲಿ ಬಿಡು. ವಿಮಾನದ್ದಂತ, ನಿಂಬಿಹಣ್ಣೂ ಕಟ್ಟಬೇಕಿತ್ತೇನೋ?"

ಜಂಬಣ್ಣ ಫೋನ್ ಕಟ್ ಮಾಡಿದ.

"ಅರ್ಜಿ ಹಾಕಿದವ್ರು ನೀವ," ಎಂದಳು ರೇಣುಕಾದೇವಿ. "ಓಡಾಟ ಫರ್ಮಿನದು, ಪುಕ್ಕಟೆ ಟಿಕೆಟ್ ನಿಮ್ಮದು. ಬಿಸಿನೆಸ್ ಕಾರ್ಡ್ ಆದ್ರ ತಮ್ಮಗ ಎಲ್ಲಾ ಕಾಣತೈತಲ್ಲ! ಬ್ಯಾಂಕಿನವ್ರು ಬಾಯಿ ಬಿಟ್ಟ ಕೂಡ್ಲೇ ಕಾರ್ಡು ಕಿಸೇದಾಗ ಸುಡಾಕತ್ತು. ಕೈ ತೊಳ್ಯಾಕ ಹೋದ್ರಿ. ಮೊಳಿಗಿ ಬ್ಯಾಗ್ ಇತ್ತು. ಮಾತಾಡದ ಹುಡುಗಿ, ಎದುರು ಹೇಳೂದಿಲ್ಲ ಅನಕೊಂಡ್ರಿ. ಮುಂದಿನ ಮಗ್ಗಲ ಒರಸಿ ಡಬ್ಬಿ ಕೆಳಗ ತುರುಕಿದ್ರಿ, ಬೆನ್ನು ನೋಡಲಿಲ್ಲ. ಹೊರಗ ತಗದಾಗ ಬೆರಳಿಗೆ ಹತ್ತಿದ್ದು ಏನಂತ ನಿಮಗ ಗೊತ್ತಿತ್ತು. ಅದಕ್ಕ ಯಾರೂ ಕೇಳೂಕ್ಕಿಂತ ಮೊದಲ ತೌಡು ಅಂದ್ರಿ."

ಬಸವಲಿಂಗ ಕುರ್ಚಿಗೆ ಕುಸಿದ. ಜಂಬಣ್ಣ ಅಣ್ಣನ ಕಡೆ ನೋಡದೆ ಶಿವಕುಮಾರಿಯತ್ತ ತಿರುಗಿದ.

"ತಂಗಿ... ನಾಳಿಗಿ ಬಾ. ಯಾವ ಕಾರ್ಡು ಮಾಡೂಣು, ನೀನ ಹೇಳು."

ಶಿವಕುಮಾರಿ ಬಿಳಿ ಹಾಳೆಯನ್ನು ನಾಲ್ಕಾಗಿ ಹರಿದಳು. ಫೋನು ಎತ್ತಿಕೊಂಡಳು. ಬ್ಯಾಗು ಹೆಗಲಿಗೇರಿಸಿದಳು.

"ಮೊದಲು ಶಟರ್ ಎತ್ರಿ."

ಆ ಆಫೀಸಿನಲ್ಲಿ ಆಕೆಯ ದನಿ ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. ಜಂಬಣ್ಣ ಗಡಬಡಿಸಿ ಮುಂದಾದ.

"ನೀವಲ್ರಿ," ಎಂದಳು. "ಇಳಿಸಿದವ್ರು ಎತ್ಲಿ."